ಲೇಬಲ್ ಕಿತ್ತ ಡಬ್ಬಿಗಳು

ಹಳ್ಳಿಗಳಿಂದ ಮೊದಲ ಬಸ್ಸುಗಳು ಬಂದು ನಿಲ್ಲುವಷ್ಟರಲ್ಲಿ ಬಾಗಲಕೋಟೆ ಸೀಮೆಯ ಈ ಸರಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರಿನ ಬೆಂಚು ತುಂಬಿರುತ್ತದೆ. ಹತ್ತಿರದ ಸೆಂಟರ್ ಬಿಟ್ಟು ಎರಡು ತಾಲ್ಲೂಕು ದಾಟಿ ಬಂದವರೂ ಇದ್ದಾರೆ. ಗುರುತಿನವರು ಸಿಕ್ಕಾರೆಂಬ ಅಂಜಿಕೆ. ಇಳಕಲ್ ಸೀರೆಯ ಸೆರಗನ್ನು ಹಣೆಯ ಕೆಳಗೆಳೆದುಕೊಂಡ ಹೆಂಗಸು, ಕಬ್ಬು ಕಡಿಯುವ ಕೆಲಸ ಬಿಟ್ಟು ಬಂದ ಗಂಡ-ಹೆಂಡತಿ, ಹೆಗಲಿಗೆ ಕಾಲೇಜಿನ ಬ್ಯಾಗು ಹಾಕಿದ ಹುಡುಗ. ಕೈಯಲ್ಲಿನ ಹಸಿರು ಪುಸ್ತಕ ಒಂದನ್ನು ಬಿಟ್ಟರೆ ಇವರು ಯಾವ ರೋಗಕ್ಕೆ ಬಂದವರೆಂದು ಹೇಳಲಾಗದು. 2000ದ ದಶಕದ ಆರಂಭದಲ್ಲಿ ಇದೇ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹೆಚ್ಚುಕಡಿಮೆ ಮೂವರಿಗೆ ಎಚ್‌ಐವಿ ಕಂಡಿತ್ತು. ಆಗ ಬತ್ತಿದ ಮೈ ನೋಡಿಯೇ ಊರು ತೀರ್ಪು ಕೊಡುತ್ತಿತ್ತು.

ಒಳಗೆ ಕೌನ್ಸೆಲರ್ ಕೈಚಾಚುತ್ತಾರೆ. “ಯಕ್ಕಾ, ಡಬ್ಬಿ ತಂದೀರೇನು?”

ಸೀರೆಯ ಹೆಂಗಸು ಚೀಲದ ತಳದಿಂದ, ಹಳೇ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಡಬ್ಬಿ ತೆಗೆಯುತ್ತಾಳೆ. ಲೇಬಲ್ ಕಿತ್ತಿದೆ. ಅಲ್ಲಾಡಿದರೆ ಸಪ್ಪಳವಾಗದಂತೆ ಒಳಗೆ ಹತ್ತಿ ತುರುಕಿದೆ. ಕೌನ್ಸೆಲರ್ ಉಳಿದ ಗುಳಿಗೆಗಳನ್ನು ಎಣಿಸುತ್ತಾರೆ.

“ಮೂರ ಹೆಚ್ಚಿಗಿ ಅದಾವಲ್ಲ?”

“ಮಗಳ ಮನಿಗೆ ಹೋಗಿದ್ದೆರಿ ಮೇಡಮ್ಮಾರ. ಬೀಗರ ಮುಂದ ಹ್ಯಾಂಗ ನುಂಗಲ್ರಿ?”

ಆ ಮೂರು ಗುಳಿಗೆಗಳಿಗೆ ಇಷ್ಟು ಲೆಕ್ಕ ಯಾಕೆಂದರೆ, ಎಚ್‌ಐವಿ ಸುಮ್ಮನಿರುವ ವೈರಾಣುವಲ್ಲ. ರೋಗನಿರೋಧಕ ಶಕ್ತಿ ಕಾಯುವ ಸಿಡಿ4 ಕಣದೊಳಗೆ ಹೊಕ್ಕು, ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡಿ, ಕಣದ ಸ್ವಂತ ಡಿಎನ್‌ಎಯ ನಡುವೆ ಹೊಲಿದುಬಿಡುತ್ತದೆ. ಈ ಗುಳಿಗೆಯಲ್ಲಿರುವ ಟೆನೊಫೋವಿರ್ ಮತ್ತು ಲ್ಯಾಮಿವುಡಿನ್ ನಕಲನ್ನೇ ತಡೆಯುತ್ತವೆ. ಡೊಲುಟೆಗ್ರಾವಿರ್ ಹೊಲಿಗೆ ಬೀಳಲು ಬಿಡುವುದಿಲ್ಲ. ಆದರೆ ಮೊದಲೇ ಹೊಲಿದುಕೊಂಡು ಮಲಗಿದ ವೈರಾಣುವನ್ನು ಯಾವ ಗುಳಿಗೆಯೂ ಮುಟ್ಟದು. ಔಷಧಿ ನಿಂತರೆ ಅದು ಏಳುತ್ತದೆ. ಆಗಾಗ ತಪ್ಪಿಸುತ್ತ ಹೋದರೆ ಔಷಧಿಗೇ ಬಗ್ಗದ ತಳಿ ಹುಟ್ಟೀತು. ಅದಕ್ಕೇ ಇದು ಜೀವನಪೂರ್ತಿಯ ಗುಳಿಗೆ.

ಇದು ಪುಕ್ಕಟೆ. 2004ರ ಏಪ್ರಿಲ್ 1ರಿಂದ ಸರಕಾರ ಕೊಡುತ್ತಿದೆ. ಅದಕ್ಕೆ ಮೂರು ವರ್ಷ ಮೊದಲು ಮುಂಬೈಯ ಸಿಪ್ಲಾ, ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಮೂರು ಔಷಧಿಗಳ ಚಿಕಿತ್ಸೆ ಕೊಡುವುದಾಗಿ ಹೇಳಿ ಜಗತ್ತಿನ ಬೆಲೆಪಟ್ಟಿಯನ್ನೇ ಬುಡಮೇಲು ಮಾಡಿತ್ತು.

ಕಬ್ಬಿನ ಗದ್ದೆಯಿಂದ ಬಂದ ದಂಪತಿಯಲ್ಲಿ ಸೋಂಕಿರುವುದು ಗಂಡನಿಗೆ ಮಾತ್ರ. ಅವನ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಾಣುವಿನ ಪ್ರಮಾಣ, ಯಂತ್ರಕ್ಕೆ ಸಿಗದಷ್ಟು ಇಳಿದಿದೆ. ಅಂಥವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲ. ಇದು ಧೈರ್ಯ ತುಂಬಲು ಹೇಳುವ ಮಾತಲ್ಲ; ಪುಣೆ, ಚೆನ್ನೈ ಸೇರಿದಂತೆ ಒಂಬತ್ತು ದೇಶಗಳ 1763 ಜೋಡಿಗಳ ಅಧ್ಯಯನದಲ್ಲಿ ಬೇಗ ಚಿಕಿತ್ಸೆ ಸಿಕ್ಕವರಿಂದ ಸಂಗಾತಿಗೆ ಸೋಂಕು ತಗಲುವುದು ಶೇ 96ರಷ್ಟು ಇಳಿದದ್ದು 2011ರಲ್ಲೇ ಗೊತ್ತಾಗಿತ್ತು. ಮುಂದಿನ ಅಧ್ಯಯನಗಳು ಉಳಿದ ಅನುಮಾನವನ್ನೂ ತೊಡೆದವು. ಹೆಂಡತಿ ಈಗ ಬಸುರಿ. ಚಿಕಿತ್ಸೆಯಿಲ್ಲದ ತಾಯಿಯಿಂದ ಮಗುವಿಗೆ ಸೋಂಕು ಬರುವ ಅಪಾಯ ನೂರಕ್ಕೆ 15ರಿಂದ 45. ಔಷಧಿಯಿದ್ದರೆ ಐದಕ್ಕೂ ಕಡಿಮೆ. ಈಕೆಗೆ ಸೋಂಕೇ ಇಲ್ಲವಾದ್ದರಿಂದ ಆ ಲೆಕ್ಕವೂ ಬೇಕಿಲ್ಲ. ಆಗಾಗ ಪರೀಕ್ಷೆ ಮಾಡಿಸಿಕೊಂಡರೆ ಸಾಕು.

ತಡೆಗಟ್ಟುವ ಔಷಧಿಯಲ್ಲೂ ದೊಡ್ಡ ಸುದ್ದಿ ಬಂದಿದೆ. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಲೆನಕಾಪಾವಿರ್ ಚುಚ್ಚುಮದ್ದನ್ನು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ 2134 ಯುವತಿಯರಿಗೆ ಕೊಟ್ಟು ನೋಡಿದರು. 2024ರಲ್ಲಿ ಫಲಿತಾಂಶ ಬಂದಾಗ ಒಬ್ಬರಿಗೂ ಸೋಂಕಿರಲಿಲ್ಲ. ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 28 ಸಾವಿರ ಡಾಲರು ದಾಟುತ್ತದೆ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ 2027ರಿಂದ ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವುದಾಗಿ ಘೋಷಿಸಿವೆ. ಮತ್ತೆ ನಮ್ಮ ಕಾರ್ಖಾನೆಗಳೇ!

ಬೀಗರ ಅಂಜಿಕೆಗೆ ಮಾತ್ರ ಯಾವ ಕಾರ್ಖಾನೆಯೂ ಮದ್ದು ಮಾಡಿಲ್ಲ. ಕೌನ್ಸೆಲರ್ ಕೊನೆಗೆ ಹೇಳಿಕೊಟ್ಟ ಉಪಾಯ ಇಷ್ಟೇ: “ಬಿಪಿ ಗುಳಿಗಿ ಅನ್ರಿ ಯಕ್ಕಾ, ಎಲ್ಲಾರ ಮುಂದ ನುಂಗ್ರಿ.” ಸೋಂಕಿನ ಕಾರಣಕ್ಕೆ ಕೆಲಸ, ಬಾಡಿಗೆ ಮನೆ, ಶಾಲೆ, ಚಿಕಿತ್ಸೆ ನಿರಾಕರಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ, ಅದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಆದರೂ ಆಕೆ ಸುಳ್ಳು ಹೇಳಬೇಕಾಗಿ ಬಂದದ್ದು ಬೀಗರ ಮನೆಯವರಿಗೂ ಅವರಂಥ ನಮಗೂ ನಾಚಿಕೆಗೇಡು. ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ, ಹೆಸರು ಗುಟ್ಟಾಗಿರುತ್ತದೆ. ಸಂಶಯವಿದ್ದರೆ 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ.