ಇಳಿವಯಸ್ಸಿನಲ್ಲಿ ಕಣ್ಬೆಳಕಿನ ರಕ್ಷಣೆ

ನಮ್ಮ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ, ಉಚಿತ ನೇತ್ರ ಶಿಬಿರಗಳನ್ನು ನಡೆಸಿ, ಲಕ್ಷಾಂತರ ಜನರ ಕಣ್ಣಿನ ಪೊರೆಯನ್ನು ತೆಗೆದರು. 1968ರಲ್ಲಿ ಪದ್ಮಭೂಷಣ ಪುರಸ್ಕಾರ ಪಡೆದ ಆ ಮಹನೀಯರು 2005ರಲ್ಲಿ ನಮ್ಮನ್ನಗಲಿದರು. ಅಂಥವರ ನಾಡಿನಲ್ಲಿಯೂ ತಡಮಾಡಿದ ಒಂದೇ ಕಾರಣಕ್ಕೆ ಹಿರಿಯರು ದೃಷ್ಟಿ ಕಳೆದುಕೊಳ್ಳುವುದು ಇಂದಿಗೂ ನಿಂತಿಲ್ಲ.

'ಪೊರೆ ಬಲಿಯಲಿ, ಆಮೇಲೆ ತೆಗೆಸೋಣ' ಎಂಬುದು ಹಳೆಯ ಮಾತು. ಅಂದು ಪೊರೆ ತೆಗೆದ ಮೇಲೆ ದಪ್ಪ ಕನ್ನಡಕವೇ ಗತಿಯಾಗಿತ್ತು. ಹೀಗಾಗಿ ಕಾಯುವುದರಲ್ಲಿ ಅರ್ಥವಿತ್ತು. ಇಂದು ಕಣ್ಣಿನೊಳಗೆ ಕೃತಕ ಮಸೂರವನ್ನು ಕೂಡಿಸುತ್ತಾರೆ. ದಿನದ ಕೆಲಸಕ್ಕೆ ಅಡ್ಡಿಯಾದೊಡನೆ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಅತಿಯಾಗಿ ಬಲಿತ ಪೊರೆಯಿಂದ ಕಣ್ಣಿನ ಒತ್ತಡ ಏರಿ ಅಪಾಯವೂ ಆಗಬಹುದು.

ಪೊರೆಯಿಂದ ಮಂಜಾದ ದೃಷ್ಟಿ ಬಹುಪಾಲು ಮರಳುತ್ತದೆ. ಗ್ಲಾಕೋಮಾದಿಂದ ಹೋದದ್ದು ಮರಳದು. ಈ ರೋಗದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಮೊದಲು ಬದಿಯ ನೋಟ ಕುಗ್ಗುವುದರಿಂದ ರೋಗಿಗೆ ಅರಿವಾಗುವುದೇ ಇಲ್ಲ. ಆದ್ದರಿಂದ 40 ದಾಟಿದವರು, ವಿಶೇಷವಾಗಿ ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗವಿದ್ದವರು, ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಳ್ಳಬೇಕು. ದೀಪದ ಸುತ್ತ ಬಣ್ಣದ ಬಳೆ ಕಂಡು, ಕಣ್ಣು ಕೆಂಪಾಗಿ, ತಲೆನೋವು, ವಾಂತಿ ಬಂದರೆ ಅದೇ ದಿನ ನೇತ್ರತಜ್ಞರಲ್ಲಿಗೆ ಹೋಗಬೇಕು.

ಮಧುಮೇಹವುಳ್ಳವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಲಿ. ಸಕ್ಕರೆ, ರಕ್ತದೊತ್ತಡ ಎರಡೂ ಹಿಡಿತದಲ್ಲಿರಲಿ.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ನಲವತ್ತರ ಸುಮಾರಿಗೆ ಎಳೆ ಕೂಡಿಸುವುದು ಕಷ್ಟವಾಗುತ್ತದೆ. ಇದು ಚಾಳೀಸು, ಸಹಜವಾದ ಬದಲಾವಣೆ. ಕನ್ನಡಕ ಹಾಕಿಕೊಂಡರೆ ಕಣ್ಣು ಕೆಡುತ್ತದೆಂಬುದು ಸುಳ್ಳು. ಆದರೆ ಒಂದು ಕಣ್ಣು ಮುಚ್ಚಿ ನೋಡಿದಾಗ ಹಾಸಿನ ನೆಟ್ಟಗಿನ ಎಳೆಗಳು ಡೊಂಕಾಗಿ ಕಂಡರೆ ಅದು ಅಕ್ಷಿಪಟಲದ ನಡುಭಾಗದ ತೊಂದರೆಯ ಸೂಚನೆ, ತಡಮಾಡಬಾರದು. ಮನೆಯಲ್ಲಿ ಕಿಟಕಿಯ ಸರಳುಗಳನ್ನು ನೋಡಿಯೂ ಹೀಗೆ ಪರೀಕ್ಷಿಸಬಹುದು. ಎರಡು ಕಣ್ಣುಗಳನ್ನೂ ಬೇರೆಬೇರೆಯಾಗಿ ನೋಡುವುದು ಮುಖ್ಯ; ಒಂದರ ಕೊರತೆಯನ್ನು ಇನ್ನೊಂದು ಮರೆಮಾಚುತ್ತದೆ.

ಜಮಖಂಡಿ, ಮುಧೋಳ ಭಾಗದ ರೈತರಿಗೊಂದು ಎಚ್ಚರಿಕೆ. ಕಬ್ಬಿನ ರವದಿ ತಗುಲಿ ಕಣ್ಣಿನ ಕರಿಗುಡ್ಡೆಯ ಮೇಲೆ ಗೀರು ಬಿದ್ದರೆ ಶಿಲೀಂಧ್ರ ಸೋಂಕಿ ಹುಣ್ಣಾಗಬಹುದು. ಅದು ಮಾಯ್ದರೂ ಬಿಳಿ ಕಲೆ ಉಳಿದು ದೃಷ್ಟಿ ಹೋಗಬಹುದು. ಎದೆಹಾಲು, ಜೇನು, ಸೊಪ್ಪಿನ ರಸ ಹಾಕಬೇಡಿರಿ. ಶುದ್ಧ ನೀರಿನಿಂದ ತೊಳೆದು ವೈದ್ಯರನ್ನು ಕಾಣಿರಿ. ಅಂಗಡಿಯಿಂದ ತಾವಾಗಿಯೇ ತಂದ ಸ್ಟಿರಾಯ್ಡ್ ಹನಿಗಳು ಇಂಥ ಸೋಂಕನ್ನು ಉಲ್ಬಣಗೊಳಿಸುತ್ತವೆ. ಬಹುಕಾಲ ಬಳಸಿದರೆ ಪೊರೆ, ಗ್ಲಾಕೋಮಾ ಎರಡನ್ನೂ ತರುತ್ತವೆ. ಕಬ್ಬು ಕಡಿಯುವಾಗ ಸಾದಾ ಕನ್ನಡಕವಾದರೂ ಇರಲಿ.

ಸುಶ್ರುತ ಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ವಿವರಿಸುತ್ತದೆ. ಹೆಸರುಕಾಳು, ನೆಲ್ಲಿಕಾಯಿ, ನುಗ್ಗೆಸೊಪ್ಪು, ಮಿತವಾದ ತುಪ್ಪ ಇವು ಕಣ್ಣಿಗೆ ಹಿತವೆಂದು ಆಯುರ್ವೇದ ಬಲ್ಲವರು ಹೇಳುತ್ತಾರೆ. ರೊಟ್ಟಿಯೊಡನೆ ಸೊಪ್ಪಿನ ಪಲ್ಲೆ ನಿತ್ಯವಿರಲಿ, ತಂಬಾಕು ದೂರವಿರಲಿ. ತ್ರಿಫಲಾದಂಥ ಔಷಧಿಯನ್ನು ವೈದ್ಯರ ಸಲಹೆಯಂತೆಯೇ ಸೇವಿಸಬೇಕು. ಮನೆಯಲ್ಲಿ ಕಾಸಿದ ಕಷಾಯವನ್ನು ಕಣ್ಣಿಗೆ ಹಾಕುವುದು ಬೇಡ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಬೆಳೆದ ಪೊರೆಯನ್ನು ಯಾವ ಹನಿಯೂ ಕರಗಿಸದು.

1976ರಿಂದ ನಡೆದಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಪೊರೆಯ ಶಸ್ತ್ರಚಿಕಿತ್ಸೆಗೆ ಉಚಿತ ನೆರವಿದೆ. ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಹಿರಿಯರು 'ನನಗಿನ್ನೇನು, ವಯಸ್ಸಾಯಿತು' ಎನ್ನುತ್ತಾರೆ. ಮಕ್ಕಳಿಗೆ ಹೊರೆಯಾದೇವೆಂದು ಅಂಜುತ್ತಾರೆ. ಮಕ್ಕಳೂ ಸೊಸೆಯಂದಿರೂ ಅವರು ಕೇಳುವವರೆಗೆ ಕಾಯದೆ ಕರೆದೊಯ್ಯಲಿ. ಅಂಗೈಯಲ್ಲಿನ ಇಷ್ಟಲಿಂಗವನ್ನು ಕಣ್ತುಂಬ ಕಾಣುವ, ಯಾರ ಆಸರೆಯೂ ಇಲ್ಲದೆ ಅಂಗಳಕ್ಕೆ ನಡೆದು ಬರುವ ಭಾಗ್ಯ ಅವರಿಗೆ ಕೊನೆಯವರೆಗೂ ಇರಲಿ.