ಅಪ್ಪ ಬರೆದ ಆ ಒಂದು ಕಾಗದ

ರಾತ್ರಿ ಹತ್ತೂವರೆ. ಮನೆ ತುಂಬ ನೆಂಟರು, ಮಾತು, ನಗು. 29 ವರ್ಷದ ಮಗಳು ಮಾತ್ರ ಸದ್ದಿಲ್ಲದೆ ಎದ್ದು, ಮೆಟ್ಟಿಲು ಹತ್ತಿ ತಾರಸಿಗೆ ಹೋದಳು. ದೂರದರ್ಶಕಕ್ಕೆ ಕಣ್ಣಿಟ್ಟರೆ, ಧ್ರುವ ನಕ್ಷತ್ರದಿಂದ ಐದು ಡಿಗ್ರಿ ಮೇಲೆ ಮಸುಕಾದೊಂದು ಬೆಳಕಿನ ಚುಕ್ಕೆ! ಹಿಂದೆ ಅಲ್ಲಿ ಅಂಥದ್ದೇನೂ ಇರಲಿಲ್ಲ. ಓಡಿಬಂದು ಅಪ್ಪನನ್ನು ಕರೆದಳು. ಅಪ್ಪನೂ ನೋಡಿದರು. ಅನುಮಾನವೇ ಇಲ್ಲ, ಅದು ಧೂಮಕೇತು.

ಇದು ನಡೆದದ್ದು 1847ರ ಅಕ್ಟೋಬರ್ 1ರಂದು, ಅಮೆರಿಕದ ನ್ಯಾಂಟಕೆಟ್ ದ್ವೀಪದಲ್ಲಿ. ಮಗಳು ಮರಾಯಾ ಮಿಚೆಲ್, ಊರಿನ ಗ್ರಂಥಪಾಲಕಿ. ಅಪ್ಪ ವಿಲಿಯಂ ಮಿಚೆಲ್, ಬ್ಯಾಂಕಿನಲ್ಲಿ ಕೆಲಸ. ಬ್ಯಾಂಕಿನ ಕಟ್ಟಡದಲ್ಲೇ ಮನೆ, ಅದರ ತಾರಸಿಯೇ ವೀಕ್ಷಣಾಲಯ. ಹನ್ನೆರಡನೇ ವಯಸ್ಸಿಗೇ ಮಗಳು ಅಪ್ಪನ ಪಕ್ಕ ನಿಂತು ಸೂರ್ಯಗ್ರಹಣದ ಸೆಕೆಂಡುಗಳನ್ನು ಎಣಿಸಿದ್ದಳು.

ಅಪ್ಪನಿಗೆ ತಕ್ಷಣ ಸುದ್ದಿ ತಿಳಿಸುವ ಆತುರ. ಮಗಳಿಗೋ ಅಳುಕು. ಬೇರೆ ಯಾರೋ ಆಗಲೇ ನೋಡಿರಬಹುದು, ಇದೇನು ಹೊಸದಲ್ಲದೆಯೂ ಇರಬಹುದು ಅಂತ. (ಎಷ್ಟು ಹೆಣ್ಣುಮಕ್ಕಳ ಮಾತು ಇದು, ಅಲ್ವಾ?) ಅಕ್ಟೋಬರ್ 3ರಂದು ಅಪ್ಪ ಹಾರ್ವರ್ಡ್ ವೀಕ್ಷಣಾಲಯದ ವಿಲಿಯಂ ಬಾಂಡ್ ಅವರಿಗೆ ಕಾಗದ ಬರೆದರು. ಮರಾಯಾ ಧೂಮಕೇತು ಕಂಡ ದಿನ, ಗಂಟೆ, ಜಾಗ ಎಲ್ಲವನ್ನೂ ಅದರಲ್ಲಿ ನಮೂದಿಸಿದರು, ಮಗಳ ಅಳುಕನ್ನೂ ಸೇರಿಸಿ. ಆದರೆ ಬಿರುಗಾಳಿ! ಟಪಾಲು ದ್ವೀಪ ಬಿಟ್ಟು ಹೊರಡುವುದೇ ತಡವಾಯಿತು.

ಅದೇ 3ನೇ ತಾರೀಖು ರೋಮ್ ನಗರದಲ್ಲಿ ಪಾದ್ರಿ ಡಿ ವಿಕೊ ಅದೇ ಧೂಮಕೇತುವನ್ನು ಕಂಡರು. ಯುರೋಪಿನಲ್ಲೆಲ್ಲ ಅವರ ಹೆಸರೇ ಹರಡಿತು. ಆಗ ಸಾಗರದಾಚೆಗೆ ತಂತಿ ಇರಲಿಲ್ಲ, ಕಾಗದ ಹಡಗಿನಲ್ಲೇ ಹೋಗಬೇಕು.

ದೂರದರ್ಶಕದಲ್ಲಿ ಹೊಸ ಧೂಮಕೇತು ಕಂಡವರಿಗೆ ಡೆನ್ಮಾರ್ಕಿನ ದೊರೆ ಚಿನ್ನದ ಪದಕ ಇಟ್ಟಿದ್ದರು. ಒಂದು ಷರತ್ತು: ಕಂಡವರು ಮೊದಲ ಟಪಾಲಿನಲ್ಲೇ ನಿಗದಿಯಾದ ಖಗೋಳಜ್ಞರಿಗೆ ತಿಳಿಸಬೇಕು. ಮಿಚೆಲ್ ಮನೆಯವರು ಹಾಗೆ ಮಾಡಿರಲಿಲ್ಲ. ನಿಯಮ ನೋಡಿದರೆ ಪದಕ ಕೈತಪ್ಪಿದಂತೆಯೇ.

ಆಗ ಪೆನ್ನು ಹಿಡಿದವರು ಹಾರ್ವರ್ಡಿನ ಅಧ್ಯಕ್ಷ ಎಡ್ವರ್ಡ್ ಎವರೆಟ್. ಯುರೋಪಿನ ಖಗೋಳಜ್ಞರಿಗೆ ಬರೆದರು, ಡೆನ್ಮಾರ್ಕಿನಲ್ಲಿದ್ದ ಅಮೆರಿಕದ ಪ್ರತಿನಿಧಿಗೂ ಬರೆದರು. ಅವರ ಕೈಯಲ್ಲಿದ್ದ ಸಾಕ್ಷಿ ಅಪ್ಪ ಬರೆದ ಆ ಕಾಗದವೇ. ರೋಮಿನ ಸುದ್ದಿ ಅಮೆರಿಕ ಮುಟ್ಟುವ ಸಾಧ್ಯತೆಯೇ ಇಲ್ಲದಾಗ ಬರೆದ ಕಾಗದ ಅದು. ಅದರಲ್ಲಿದ್ದದ್ದು ಎರಡು ದಿನ ಹಿಂದಿನ ತಾರೀಖು. ಡೆನ್ಮಾರ್ಕ್ ಒಪ್ಪಿತು. 1848ರಲ್ಲಿ ಪದಕ ಮರಾಯಾ ಪಾಲಾಯಿತು. ಅದೇ ವರ್ಷ ಅಮೆರಿಕದ ಕಲೆ ಮತ್ತು ವಿಜ್ಞಾನ ಅಕಾಡೆಮಿ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. ಮುಂದೆ 1865ರಲ್ಲಿ ವಾಸ್ಸರ್ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕಿಯಾದರು. ತನಗಿಂತ ಕಿರಿಯ ಗಂಡಸರಿಗೆ ಹೆಚ್ಚು ಸಂಬಳ ಅಂತ ಗೊತ್ತಾದಾಗ ಸುಮ್ಮನಿರದೆ ಕೇಳಿ ಏರಿಸಿಕೊಂಡರು. ಹಳೆಯ ಅಳುಕು ಅಷ್ಟರಲ್ಲಿ ಎಲ್ಲಿ ಹೋಗಿತ್ತೋ!

ಇನ್ನೊಂದು ಸಂಗತಿ ಕೇಳಿ. 1846ರಲ್ಲಿ ನ್ಯಾಂಟಕೆಟ್ ಊರಿಗೆ ದೊಡ್ಡ ಬೆಂಕಿ ಬಿದ್ದಾಗ ಜನರ ಖಾಸಗಿ ಕಾಗದಗಳು ಬೀದಿಪಾಲಾದವು. ಅದನ್ನು ಕಂಡು ಮರಾಯಾ ತನ್ನ ಖಾಸಗಿ ಬರಹಗಳನ್ನು ತಾನೇ ಸುಟ್ಟುಹಾಕಿದರು ಅಂತ ಹೇಳುತ್ತಾರೆ. ಹಾಗೆ ಕಾಗದ ಸುಟ್ಟವರ ಹೆಸರು ಮರುವರ್ಷ ಉಳಿದದ್ದು ಅಪ್ಪನ ಒಂದು ಕಾಗದದಿಂದ.

ಮಕ್ಕಳು "ಇದೇನು ದೊಡ್ಡದು ಬಿಡಪ್ಪ" ಅಂದಾಗ ತಾರೀಖು ಹಾಕಿ ಬರೆದಿಡುವ ಒಬ್ಬರು ಮನೆಯಲ್ಲಿರಬೇಕು ನೋಡಿ.