ಬಸಿರಿನ ವಾಂತಿ: ಮಾತ್ರೆಗೆ ಹೆದರಬೇಕೆ?

ಬಸುರಿ ಮಾತ್ರೆ ನುಂಗಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಬಲವಾಗಿದೆ. ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಮಾತ್ರೆ ಮಾರಾಟಕ್ಕೆ ಬಂತು. ಓಕರಿಕೆಗೂ ಒಳ್ಳೆಯದೆಂದು ಬಸುರಿಯರು ನುಂಗಿದರು. ಕೈಕಾಲು ಸರಿಯಾಗಿ ಬೆಳೆಯದ ಸಾವಿರಾರು ಶಿಶುಗಳು ಹುಟ್ಟಿದವು. 1961ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು.

ಆ ಭೀತಿಯ ನೆರಳು ಬೇರೆ ಔಷಧಿಯ ಮೇಲೂ ಬಿತ್ತು. ಡಾಕ್ಸಿಲಮೀನ್ ಮತ್ತು ಪಿರಿಡಾಕ್ಸಿನ್ (ಇದು ಬಿ6 ಜೀವಸತ್ವ) ಸೇರಿದ ಬೆಂಡೆಕ್ಟಿನ್ ಮಾತ್ರೆಯ ಮೇಲೆ ಅಮೆರಿಕದಲ್ಲಿ ದಾವೆಗಳು ಬಿದ್ದು, ತಯಾರಕರು 1983ರಲ್ಲಿ ಅದನ್ನು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಶಿಶುಗಳ ಅಂಗದೋಷವೇನೂ ಕಡಿಮೆಯಾಗಲಿಲ್ಲ; ವಾಂತಿಯಿಂದ ಆಸ್ಪತ್ರೆ ಸೇರುವ ಬಸುರಿಯರು ಮಾತ್ರ ಹೆಚ್ಚಿದರು. 2013ರಲ್ಲಿ ಅದೇ ಜೋಡಿಗೆ ಅಲ್ಲಿ ಮತ್ತೆ ಅನುಮತಿ ಸಿಕ್ಕಿತು. ಔಷಧಿಗೂ ಕೆಟ್ಟ ಹೆಸರು ಅಂಟಿದರೆ ಬಿಡುವುದು ಕಷ್ಟವೇ! ನಮ್ಮ ವೈದ್ಯರೂ ಈ ಜೋಡಿಯನ್ನು ಬರೆದುಕೊಡುತ್ತಾರೆ.

ಇದು ವಾಂತಿ ಬಂದಾಗ ನುಂಗುವ ಮಾತ್ರೆಯಲ್ಲ. ನಿಧಾನವಾಗಿ ಕರಗುವ ಹೊದಿಕೆಯ ಮಾತ್ರೆಯಾದರೆ ರಾತ್ರಿ ನುಂಗಿದ್ದು ಬೆಳಗಿಗೆ ಕೆಲಸ ಮಾಡುತ್ತದೆ. ಅದನ್ನು ಅಗಿಯಬಾರದು, ಪುಡಿ ಮಾಡಬಾರದು. ತೂಕಡಿಕೆ ಬರುವುದರಿಂದ ಸ್ಕೂಟರ್ ಓಡಿಸುವುದು ಬೇಡ. ನೆಗಡಿ, ಅಲರ್ಜಿಗೆ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಅತ್ತಿಗೆಗೆ ಬರೆದುಕೊಟ್ಟ ಚೀಟಿ ನಿಮಗಲ್ಲ.

ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗಿದರೆ, ತೂಕ ಇಳಿದರೆ, "ಬಸುರಿಗೆ ಇದೆಲ್ಲ ಸಹಜ" ಎಂದು ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಬಹಳ ದಿನ ವಾಂತಿಯಾದವರಿಗೆ ಗ್ಲೂಕೋಸ್ ಏರಿಸುವ ಮುಂಚೆ ಬಿ1 ಜೀವಸತ್ವ ಕೊಡಬೇಕಾಗುತ್ತದೆ, ಇಲ್ಲವಾದರೆ ಮಿದುಳಿಗೇ ಅಪಾಯ. ಎಷ್ಟು ದಿನದಿಂದ ಊಟ ಹೊಟ್ಟೆಯಲ್ಲಿ ನಿಂತಿಲ್ಲ ಎಂಬುದನ್ನು ಅಲ್ಲಿ ಮರೆಯದೆ ತಿಳಿಸಿ.